ಸೊನ್ನೆ ಎಲ್ಲಿ ಹಾಕೋದು?

"ಅಯ್ಯೋ ಬಿಡು ಗುರು, ಅದೆಲ್ಲಾ ಬರೀ ಲಕ್ಕು. ದಾಳ ಚೆನ್ನಾಗಿ ಬಿದ್ರೆ ಗೆಲ್ತೀಯ, ಇಲ್ಲಾಂದ್ರೆ ಇಲ್ಲ."

ಯಾಟ್ಸಿ ಆಟದ ಮಾತು ಎತ್ತಿದ್ರೆ ಸಾಕು, ನಮ್ಮ ಟೀಮಿನಲ್ಲಿ ಯಾರಾದ್ರೂ ಒಬ್ಬರು ಹೀಗೆ ಹೇಳೇ ಹೇಳ್ತಾರೆ. ಹೇಳಿದವರೇ ಮಧ್ಯಾಹ್ನ ಬಿಲ್ಡ್ ಓಡ್ತಾ ಇರೋವಾಗ ಮಾನಿಟರಿನ ಮೂಲೆಯಲ್ಲಿ ಕಿಟಕಿ ಸಣ್ಣದು ಮಾಡ್ಕೊಂಡು ಅದನ್ನೇ ಆಡ್ತಾ ಇರ್ತಾರೆ, ಅದು ಬೇರೆ ವಿಷಯ :-) ನನಗೆ ಮಾತ್ರ ಈ ಮಾತು ಕೇಳಿದಾಗಲೆಲ್ಲ ಸ್ವಲ್ಪ ಉರಿಯುತ್ತೆ. ದಾಳದ ಆಟ ಅಂದ ಕೂಡ್ಲೇ 'ಹಣೆಬರಹ' ಅಂತ ಕೈ ಚೆಲ್ಲಿ ಕೂರೋದು ನಮಗೆ ಬಹಳ ಸುಲಭ. ದಾಳ ಹೇಗೆ ಬೀಳುತ್ತೆ ಅನ್ನೋದು ಲಕ್ಕು, ಒಪ್ಪಿದೆ. ಆದ್ರೆ ಬಿದ್ದ ದಾಳವನ್ನ ಏನು ಮಾಡ್ತೀರಿ ಅನ್ನೋದು ಪೂರ್ತಿ ನಿಮ್ಮ ತಲೆಗೆ ಬಿಟ್ಟದ್ದು. ಅದರಲ್ಲೂ ಯಾವ ಮನೆಗೆ ಸೊನ್ನೆ ಹಾಕ್ಬೇಕು, ಯಾವಾಗ ಹಾಕ್ಬೇಕು ಅಂತ ಗೊತ್ತಾದ್ರೆ ಅರ್ಧ ಆಟ ಬಂದ ಹಾಗೆ ಅನ್ನೋದು ನನ್ನ ವಾದ. ಅದನ್ನ ಇಲ್ಲಿ ಸ್ವಲ್ಪ ಬಿಡಿಸಿ ಹೇಳೋಣ ಅಂತ.

ಆಟ ಗೊತ್ತಿಲ್ಲದವರಿಗೆ ಮೊದಲು ನಿಯಮ. ಐದು ದಾಳ, ಹದಿಮೂರು ಸರದಿ. ಪ್ರತಿ ಸರದಿಯಲ್ಲಿ ಮೂರು ಸಲ ಎಸೆಯಬಹುದು. ಮೊದಲ ಸಲ ಐದನ್ನೂ ಎಸೀಬೇಕು, ಆಮೇಲೆ ಎರಡು ಸಲ ಬೇಕಾದ್ದನ್ನ ಇಟ್ಕೊಂಡು ಬೇಡದ್ದನ್ನ ಮಾತ್ರ ಎಸೀಬಹುದು. ಮೂರಾಗೋ ಮೊದಲೇ ಸಾಕು ಅನಿಸಿದ್ರೆ ನಿಲ್ಲಿಸಬಹುದು. ಕೆಲವು ಪ್ರೋಗ್ರಾಮುಗಳಲ್ಲಿ ದಾಳದ ಮೇಲೆ ಕ್ಲಿಕ್ ಮಾಡಿದ್ರೆ ಅದು ಉಳಿಯುತ್ತೆ. ಇನ್ನು ಕೆಲವದರಲ್ಲಿ ಉಲ್ಟಾ, ಕ್ಲಿಕ್ ಮಾಡಿದ ದಾಳವೇ ಮತ್ತೆ ಉರುಳುತ್ತೆ. ಆದ್ದರಿಂದ ಹೊಸ ಪ್ರೋಗ್ರಾಮ್ ಹಾಕ್ಕೊಂಡಾಗ ಮೊದಲ ಆಟವನ್ನ ಲೆಕ್ಕಕ್ಕೆ ಹಿಡೀಬೇಡಿ.

ಸ್ಕೋರ್ ಶೀಟಿನಲ್ಲಿ ಹದಿಮೂರು ಸಾಲು ಇರುತ್ತೆ. ಚೌಕಾಬಾರ ಆಡಿ ಬೆಳೆದವನಾದ್ದರಿಂದ ನಾನು ಅವನ್ನ ಮನೆ ಅಂತಲೇ ಕರೀತೀನಿ. ಮೇಲೆ ಆರು ಮನೆ: ಒಂದರ ಮನೆ, ಎರಡರ ಮನೆ, ಹೀಗೆ ಆರರವರೆಗೆ. ನಾಲ್ಕರ ಮನೆಗೆ ಹಾಕಿದ್ರೆ ಬಿದ್ದಿರೋ ನಾಲ್ಕುಗಳ ಮೊತ್ತ ಮಾತ್ರ ಸಿಗುತ್ತೆ, ಉಳಿದ ದಾಳ ನಷ್ಟ. ಈ ಆರೂ ಮನೆ ಸೇರಿ 63 ಅಥವಾ ಹೆಚ್ಚು ಆದ್ರೆ 35 ಬೋನಸ್. ಕೆಳಗೆ ಏಳು ಮನೆ. ಒಂದೇ ಸಂಖ್ಯೆ ಮೂರು ಬಿದ್ರೆ ತ್ರೀ ಆಫ್ ಎ ಕೈಂಡ್, ನಾಲ್ಕು ಬಿದ್ರೆ ಫೋರ್ ಆಫ್ ಎ ಕೈಂಡ್, ಎರಡಕ್ಕೂ ಐದು ದಾಳಗಳ ಒಟ್ಟು ಮೊತ್ತ. ಮೂರು ಒಂದು ಥರ, ಎರಡು ಒಂದು ಥರ ಆದ್ರೆ ಫುಲ್ ಹೌಸ್, 25. ಸಾಲಾಗಿ ನಾಲ್ಕು ಬಂದ್ರೆ ಸ್ಮಾಲ್ ಸ್ಟ್ರೈಟ್, 30. ಸಾಲಾಗಿ ಐದು ಬಂದ್ರೆ ಲಾರ್ಜ್ ಸ್ಟ್ರೈಟ್, 40. ಐದೂ ಒಂದೇ ಆದ್ರೆ ಯಾಟ್ಸಿ, 50. ಕೊನೇದು ಚಾನ್ಸ್, ಅದಕ್ಕೆ ಏನು ಬೇಕಾದ್ರೂ ಹಾಕಿ, ಒಟ್ಟು ಮೊತ್ತ ಸಿಗುತ್ತೆ. ಯಾಟ್ಸಿ ಮನೆಯಲ್ಲಿ 50 ಬರೆದಾದ ಮೇಲೆ ಮತ್ತೊಂದು ಯಾಟ್ಸಿ ಬಿದ್ರೆ ಪ್ರತಿಯೊಂದಕ್ಕೂ 100 ಬೋನಸ್.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಇದು: ಒಂದು ಸರದಿಗೆ ಒಂದು ಮನೆ. ಪಾಸ್ ಇಲ್ಲ. ದಾಳ ಯಾವುದಕ್ಕೂ ಹೊಂದದೇ ಇದ್ರೂ ಯಾವುದಾದ್ರೂ ಒಂದು ಮನೆ ತುಂಬಲೇಬೇಕು, ಸೊನ್ನೆ ಬರೆದಾದ್ರೂ ಸರಿ. ಒಮ್ಮೆ ತುಂಬಿದ ಮನೆ ಮತ್ತೆ ತೆರೆಯೋದಿಲ್ಲ. ಚೌಕಾಬಾರದಲ್ಲಿ ಗರ ಬೀಳದಿದ್ರೆ ಆ ಸರದಿ ಹೋಯ್ತು, ಮುಂದಿನ ಸರದಿ ಕಾಯ್ತೀವಿ, ಅಷ್ಟೇ. ಇಲ್ಲಿ ಪ್ರತಿ ಕೆಟ್ಟ ಸರದಿಯೂ ಒಂದು ಮನೆಯನ್ನ ತಿಂದುಕೊಂಡೇ ಹೋಗುತ್ತೆ. ಯಾವ ಮನೆಯನ್ನ ತಿನ್ನೋಕೆ ಕೊಡ್ತೀರಿ ಅನ್ನೋದೇ ಪ್ರಶ್ನೆ.

(ಹೆಸರಿನ ಬಗ್ಗೆ ಒಂದು ಮಾತು. ಇದನ್ನ ಯಾಟ್ಸಿ ಅನ್ನೋ ಹೆಸರಲ್ಲಿ 1956ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದದ್ದು ಎಡ್ವಿನ್ ಲೋ, ಬಿಂಗೋ ಆಟವನ್ನ ಅಲ್ಲಿ ಮನೆಮನೆಗೆ ಮುಟ್ಟಿಸಿದ ಅದೇ ಮನುಷ್ಯ. ಅವನ ಕಂಪನಿ 1973ರಲ್ಲಿ ಮಿಲ್ಟನ್ ಬ್ರಾಡ್ಲಿ ಪಾಲಾಯ್ತು, ಅದು 1984ರಲ್ಲಿ ಹ್ಯಾಸ್‌ಬ್ರೋ ಪಾಲಾಯ್ತು. ಹೆಸರು ಟ್ರೇಡ್‌ಮಾರ್ಕ್ ಆದ್ದರಿಂದ ಬೇರೆಯವರು ಬರೆದ ಪ್ರೋಗ್ರಾಮುಗಳಿಗೆ ಬೇರೆ ಬೇರೆ ಹೆಸರು. ಲಿನಕ್ಸ್‌ನಲ್ಲಿ ಗ್ನೋಮ್‌ನವರದು 'ಟಾಲಿ', ಕೆಡಿಇಯವರದು 'ಕಿರಿಕಿ'. ಹೆಸರು ಕೇಳಿ ಹೆದರಬೇಡಿ, ಕಿರಿಕಿರಿ ಏನೂ ಮಾಡಲ್ಲ.)

ಈಗ ಲೆಕ್ಕಕ್ಕೆ ಬರೋಣ. ಬೋನಸ್ಸಿಗೆ 63 ಯಾಕೆ? ಪ್ರತಿ ಸಂಖ್ಯೆಯೂ ಮೂರು ಮೂರು ಬಿದ್ರೆ 3, 6, 9, 12, 15, 18. ಕೂಡಿದ್ರೆ 63. ಅಂದ್ರೆ ಆಟ ನಿಮ್ಮಿಂದ ಪ್ರತಿ ಮನೆಗೂ ಮೂರು ದಾಳ ಕೇಳ್ತಾ ಇದೆ. ಆದ್ರೆ ನೀವು ಮೊದಲೇ 'ಈ ಸರದಿ ನಾಲ್ಕರ ಮನೆಗೆ' ಅಂತ ತೀರ್ಮಾನ ಮಾಡಿ ಮೂರು ಸಲ ಎಸೆದ್ರೆ ಎಷ್ಟು ನಾಲ್ಕು ಬರುತ್ತೆ? ಒಂದು ದಾಳ ಮೂರು ಎಸೆತದಲ್ಲಿ ಒಮ್ಮೆಯೂ ನಾಲ್ಕು ತೋರಿಸದೇ ಇರೋ ಸಾಧ್ಯತೆ 125/216. ತೋರಿಸೋ ಸಾಧ್ಯತೆ 91/216. ಐದು ದಾಳಕ್ಕೆ ಸರಾಸರಿ 2.1. ಅಷ್ಟೇ! ಆಟ ಕೇಳೋದು ಮೂರು, ಲಕ್ಕು ಕೊಡೋದು ಎರಡು ಚಿಲ್ಲರೆ. ಹೀಗೆ ಕಣ್ಣುಮುಚ್ಚಿ ಒಂದರಿಂದ ಆರರವರೆಗೆ ಕ್ರಮವಾಗಿ ತುಂಬ್ತಾ ಹೋದ್ರೆ ಮೇಲಿನ ಆರು ಮನೆಯಿಂದ ಸರಾಸರಿ 44 ಬರುತ್ತೆ, 63 ಅಲ್ಲ.

ಈ 44ಕ್ಕೂ 63ಕ್ಕೂ ನಡುವಿನ 19 ಎಲ್ಲಿಂದ ಬರ್ಬೇಕು? ಆರಿಸಿಕೊಳ್ಳೋದರಿಂದ. ಮೊದಲ ಎಸೆತ ನೋಡಿದ ಮೇಲೆ ಯಾವ ಸಂಖ್ಯೆ ಹೆಚ್ಚು ಬಿದ್ದಿದೆಯೋ ಅದರ ಹಿಂದೆ ಹೋಗೋದರಿಂದ. ಐದುಗಳು ಎರಡು ಬಿದ್ದಿದ್ರೆ ಐದರ ಮನೆ, ಸಾಲಾಗಿ 2-3-4-5 ಬಿದ್ದಿದ್ರೆ ಲಾರ್ಜ್ ಸ್ಟ್ರೈಟ್ (ಎರಡು ಎಸೆತ ಉಳಿದಿದ್ರೆ ಒಂದೋ ಆರೋ ಬೀಳೋ ಸಾಧ್ಯತೆ 5/9, ಅಂದ್ರೆ ಅರ್ಧಕ್ಕಿಂತ ಹೆಚ್ಚು). ಅದೇ 1-2-3-4 ಆದ್ರೆ ಐದು ಒಂದೇ ಬೇಕು, ಸಾಧ್ಯತೆ 11/36ಕ್ಕೆ ಇಳಿಯುತ್ತೆ. ನೋಡೋಕೆ ಎರಡೂ ಒಂದೇ ಥರ 'ನಾಲ್ಕು ಸಾಲಾಗಿದೆ' ಅನಿಸುತ್ತೆ, ಬೆಲೆಯಲ್ಲಿ ಹತ್ತಿರ ಹತ್ತಿರ ಅರ್ಧಕ್ಕರ್ಧ ವ್ಯತ್ಯಾಸ. ಇದನ್ನ ನೋಡದೇ ಆಡೋವರಿಗೂ ನೋಡಿ ಆಡೋವರಿಗೂ ದಾಳ ಒಂದೇ ಥರ ಬೀಳುತ್ತೆ, ಸ್ಕೋರ್ ಒಂದೇ ಥರ ಬರಲ್ಲ. ಇದನ್ನ ಲಕ್ಕು ಅಂತ ಹೇಗೆ ಕರೆಯೋದು ಸ್ವಾಮಿ?

ನಮ್ಮ ಹಿರಿಯರಿಗೆ ಈ ವ್ಯತ್ಯಾಸ ಗೊತ್ತಿತ್ತು ಅಂತ ನನಗೆ ಬಲವಾದ ಅನುಮಾನ. ಮಹಾಭಾರತದ ನಳನ ಕಥೆ ನೆನಪಿಸಿಕೊಳ್ಳಿ. ಜೂಜಿನಲ್ಲಿ ರಾಜ್ಯ ಕಳ್ಕೊಂಡ ನಳ ಮತ್ತೆ ಗೆಲ್ಲೋದು ಯಾವುದೋ ವರದಿಂದಲ್ಲ. ರಥ ಓಡಿಸ್ತಾ ಹೋಗೋವಾಗ ಋತುಪರ್ಣ ರಾಜ ಒಂದು ತಾರೆ ಮರ ನೋಡಿ ಅದರಲ್ಲಿ ಎಲೆ ಎಷ್ಟು, ಕಾಯಿ ಎಷ್ಟು ಅಂತ ಹೇಳಿಬಿಡ್ತಾನೆ. ನಳ ನಂಬದೇ ಮರದಿಂದ ಇಳಿಸಿ ಎಣಿಸಿ ನೋಡ್ತಾನೆ, ಲೆಕ್ಕ ಸರಿ ಇರುತ್ತೆ. ಆಮೇಲೆ ತನಗೆ ಗೊತ್ತಿದ್ದ ಕುದುರೆ ವಿದ್ಯೆ ಕೊಟ್ಟು ಅವನಿಂದ ದಾಳದ ವಿದ್ಯೆ, ಅಕ್ಷಹೃದಯ, ಕಲೀತಾನೆ. ಎಣಿಸೋದು ಬರೋವನಿಗೆ ದಾಳ ಆಡೋದೂ ಬರುತ್ತೆ ಅಂತ ಕಥೆ ಬರೆದವರಿಗೆ ಅನಿಸಿದೆಯಲ್ಲ, ಅದು ನನಗೆ ಯಾವಾಗಲೂ ಆಶ್ಚರ್ಯದ ವಿಷಯ.

ಇರಲಿ. ಆರಿಸಿಕೊಳ್ಳೋದು ಅಂದೆ. ಅಲ್ಲೇ ಕಂಪ್ಯೂಟರ್ ಜೊತೆ ನನ್ನ ಜಗಳ ಶುರುವಾಗೋದು.

ಈಗಿನ ಬಹುತೇಕ ಆವೃತ್ತಿಗಳಲ್ಲಿ ದಾಳ ನಿಂತ ಕೂಡ್ಲೇ ಖಾಲಿ ಮನೆಗಳಲ್ಲೆಲ್ಲ 'ಇಲ್ಲಿ ಹಾಕಿದ್ರೆ ಇಷ್ಟು ಬರುತ್ತೆ' ಅಂತ ಮಸುಕು ಅಕ್ಷರದಲ್ಲಿ ಕಾಣುತ್ತೆ. ಅದು ಒಳ್ಳೇದೇ, ಕೂಡೋ ಕೆಲಸ ತಪ್ಪುತ್ತೆ. ಆದ್ರೆ ಕೆಲವು ಒಂದು ಹೆಜ್ಜೆ ಮುಂದೆ ಹೋಗಿ ಎಲ್ಲಕ್ಕಿಂತ ದೊಡ್ಡ ಅಂಕಿಯ ಮನೆಯನ್ನ ಹೊಳೆಯೋ ಹಾಗೆ ಮಾಡಿ ತೋರಿಸ್ತವೆ. ಈ ಹೊಳಪಿದೆಯಲ್ಲ, ಇದು ಆಟವನ್ನೇ ಹಾಳು ಮಾಡುತ್ತೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಉದಾಹರಣೆಗೆ ಮೊದಲ ಸರದಿಯಲ್ಲೇ 6-6-6-2-1 ಬಿತ್ತು ಅಂದ್ಕೊಳ್ಳಿ. ಆರರ ಮನೆಗೆ ಹಾಕಿದ್ರೆ 18. ತ್ರೀ ಆಫ್ ಎ ಕೈಂಡ್‌ಗೆ ಹಾಕಿದ್ರೆ 21. ಹೊಳೆಯೋದು 21. ಮೂರು ಹೆಚ್ಚು ಸಿಕ್ತು ಅಂತ ಖುಷಿಯಾಗಿ ಅಲ್ಲಿ ಒತ್ತಿದ್ರೆ ಬೋನಸ್ಸಿನ ಹಾದಿಯಲ್ಲಿ ಅತಿ ದೊಡ್ಡ ಕಲ್ಲನ್ನ ನೀವೇ ಎತ್ತಿಟ್ಟ ಹಾಗಾಯ್ತು. ಇನ್ನೊಮ್ಮೆ ಮೂರು ಆರು ಬರೋವರೆಗೆ ಕಾಯ್ಬೇಕು. ತ್ರೀ ಆಫ್ ಎ ಕೈಂಡ್ ಹಾಗಲ್ಲ, ಅದು ಯಾವ ಸಂಖ್ಯೆಯಿಂದ ಬೇಕಾದ್ರೂ ತುಂಬುತ್ತೆ.

ಇನ್ನೊಂದು. ಆಟದ ಶುರುವಿನಲ್ಲೇ 5-5-4-2-1 ಅನ್ನೋ ಥರ ಯಾವುದಕ್ಕೂ ಬಾರದ ಕೈ ಬಂತು. ಹೊಳೆಯೋದು ಚಾನ್ಸ್, 17. ಐದರ ಮನೆಗೆ 10. ನಾನಾದ್ರೆ ಒಂದರ ಮನೆಗೆ ಹಾಕಿ ಒಂದೇ ಒಂದು ಅಂಕ ತಗೋತೀನಿ. ನೋಡಿದವರಿಗೆ ಹುಚ್ಚು ಅನಿಸುತ್ತೆ. ಆದ್ರೆ ಒಂದರ ಮನೆಗೆ ಎಷ್ಟೇ ಒದ್ದಾಡಿದ್ರೂ ಸರಾಸರಿ ಎರಡು ಅಂಕ ಬರೋದು, ಅಲ್ಲಿ ಕಳ್ಕೊಂಡದ್ದು ಒಂದು ಅಂಕ. ಚಾನ್ಸ್ ಮನೆಯನ್ನ ಚೆನ್ನಾಗಿ ಕಾಪಾಡಿಕೊಂಡ್ರೆ ಸರಾಸರಿ 22 ಬರುತ್ತೆ, ಅದನ್ನ 17ಕ್ಕೆ ಮಾರಿದ್ರೆ ಐದು ಅಂಕ ಹೋಯ್ತು. ಬೋನಸ್ಸಿಗೆ ಎರಡು ಕಡಿಮೆ ಆಯ್ತಲ್ಲ ಅಂತೀರಾ? ಮುಂದೆ ಆರರ ಮನೆಗೆ ನಾಲ್ಕು ಆರು ಬಿದ್ರೆ ಆರು ಅಂಕ ಹೆಚ್ಚಿಗೆ ಬರುತ್ತೆ. ಒಂದರ ಮನೆಗೆ ಪೂರ್ತಿ ಸೊನ್ನೆ ಹಾಕಿ, ಮೂರರ ಮನೆಗೂ ಒಂದು ದಾಳ ಕಡಿಮೆ ಹಾಕಿದ್ರೂ ಅದು ಸರಿದೂಗಿಸುತ್ತೆ. ಒಂದರ ಮನೆ ಆಟದ ಕಸದ ಬುಟ್ಟಿ. ಮನೆ ಅಂದ ಮೇಲೆ ಕಸದ ಬುಟ್ಟಿ ಬೇಕೇ ಬೇಕಲ್ಲ.

ಯಾಟ್ಸಿ ಮನೆಯ ಕಥೆ ಇನ್ನೂ ಸ್ವಾರಸ್ಯ. ಐವತ್ತು ಅಂಕ, ಆಟಕ್ಕೇ ಅದರ ಹೆಸರು, ಆದ್ದರಿಂದ ಎಲ್ಲರೂ ಅದನ್ನ ಕೊನೇವರೆಗೂ ಹುಂಡಿ ಥರ ಕಾಪಾಡಿಕೊಂಡು ಬರ್ತಾರೆ. ಬೇರೆಲ್ಲಾ ಬಿಟ್ಟು ಅದೊಂದಕ್ಕೇ ಮೂರು ಎಸೆತ ಹಾಕಿದ್ರೂ ಐದೂ ಒಂದೇ ಬೀಳೋ ಸಾಧ್ಯತೆ 4.6 ಪರ್ಸೆಂಟ್, ಅಂದ್ರೆ 22 ಸಲಕ್ಕೆ ಒಮ್ಮೆ. ಮೊದಲ ಎಸೆತಕ್ಕೇ ಮೂರು ಒಂದೇ ಬಿದ್ದಿದ್ರೂ, ಉಳಿದ ಎರಡು ಎಸೆತದಲ್ಲಿ ಇನ್ನೆರಡು ಸೇರೋದು ನೂರಕ್ಕೆ ಒಂಬತ್ತು ಸಲ. ನಾಲ್ಕು ಬಿದ್ದಿದ್ರೆ ಮೂವತ್ತು ಸಲ.

ಇಲ್ಲಿ ಒಬ್ಬರ ಕೆಲಸ ಹೇಳ್ಲೇಬೇಕು. ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಟಾಮ್ ವರ್ಹೂಫ್ ಅನ್ನೋವರು 1999ರಲ್ಲಿ ಒಬ್ಬರೇ ಆಡೋ ಯಾಟ್ಸಿಗೆ ಎಲ್ಲಕ್ಕಿಂತ ಉತ್ತಮ ಆಟ ಯಾವುದು ಅಂತ ಪೂರ್ತಿ ಲೆಕ್ಕ ಹಾಕಿಸಿದ್ರು. ನಾವೆಲ್ಲ ಇಂಜಿನಿಯರಿಂಗ್‌ನಲ್ಲಿ ನ್ಯಾಪ್‌ಸ್ಯಾಕ್ ಲೆಕ್ಕ ಮಾಡಿ ಪರೀಕ್ಷೆ ಮುಗಿದ ದಿನವೇ ಮರೆತ ಡೈನಮಿಕ್ ಪ್ರೋಗ್ರಾಮಿಂಗ್ ಇದೆಯಲ್ಲ, ಅದೇ. ಹದಿಮೂರು ಮನೆ, ಒಂದೊಂದೂ ತುಂಬಿದೆ ಅಥವಾ ಖಾಲಿ, ಒಟ್ಟು 8192 ಸ್ಥಿತಿ. ಮೇಲಿನ ಮೊತ್ತ 0ಯಿಂದ 63, ಅಂದ್ರೆ 64 ಬಗೆ. ಗುಣಿಸಿದ್ರೆ 5,24,288. ಯಾಟ್ಸಿ ಮನೆಯಲ್ಲಿ 50 ಇದೆಯೋ ಇಲ್ಲವೋ ಅನ್ನೋದು ಸೇರಿಸಿದ್ರೂ ಅದರ ಎರಡರಷ್ಟು ದಾಟಲ್ಲ. ಐದು ದಾಳ 7776 ರೀತಿ ಬಿದ್ರೂ ಕ್ರಮ ಬಿಟ್ಟು ನೋಡಿದ್ರೆ 252 ಬಗೆ ಮಾತ್ರ. ಕೊನೇ ಸರದಿಯಿಂದ ಶುರು ಮಾಡಿ ಹಿಂದೆ ಹಿಂದೆ ಬರ್ತಾ ಪ್ರತಿ ಸ್ಥಿತಿಯ ಬೆಲೆ ಬರೆದಿಟ್ಕೊಂಡ್ರೆ ಆಯ್ತು. ಇವತ್ತಿನ ಯಾವ ಲ್ಯಾಪ್‌ಟಾಪ್‌ಗೂ ಇದು ದೊಡ್ಡ ಹೊರೆಯಲ್ಲ. ಭಾನುವಾರ ಮಧ್ಯಾಹ್ನ ಮಳೆ ಬರ್ತಾ ಇದ್ರೆ ನೀವೂ ಬರೆದು ನೋಡಿ, ಸೊಗಸಾದ ಲೆಕ್ಕ.

ಆ ಲೆಕ್ಕದ ಉತ್ತರ: ಒಂದು ತಪ್ಪೂ ಮಾಡದೇ ಆಡಿದ್ರೆ ಸರಾಸರಿ 254.59. ಬೋನಸ್ ನೂರರಲ್ಲಿ 68 ಆಟದಲ್ಲಿ ಸಿಗುತ್ತೆ. ನನಗೆ ಇಷ್ಟವಾದದ್ದು ಮಾತ್ರ ಇನ್ನೊಂದು ಅಂಕಿ. ಈ ತಪ್ಪೇ ಮಾಡದ ಆಟಗಾರ ಯಾಟ್ಸಿ ಮನೆಗೆ ಸೊನ್ನೆ ಹಾಕೋದು ನೂರರಲ್ಲಿ 66 ಆಟದಲ್ಲಿ! ಫೋರ್ ಆಫ್ ಎ ಕೈಂಡ್‌ಗೆ 36 ಆಟದಲ್ಲಿ ಸೊನ್ನೆ, ಲಾರ್ಜ್ ಸ್ಟ್ರೈಟ್‌ಗೆ 18ರಲ್ಲಿ. ಅಂದ್ರೆ ಸರಿಯಾಗಿ ಆಡೋದು ಅಂದ್ರೆ ಸೊನ್ನೆ ಬರದ ಹಾಗೆ ಆಡೋದಲ್ಲವೇ ಅಲ್ಲ. ಸರಾಸರಿ ತಗೊಂಡ್ರೆ ಆಟಕ್ಕೆ ಒಂದು ಸೊನ್ನೆಗಿಂತ ಹೆಚ್ಚೇ ಇದೆ.

ಸೊನ್ನೆಯ ಬೆಲೆಯೂ ಆಟ ಮುಂದುವರಿದ ಹಾಗೆ ಬದಲಾಗುತ್ತೆ. ಶುರುವಿನಲ್ಲಿ ಯಾಟ್ಸಿ ಮನೆಯ ಬೆಲೆ ಸರಾಸರಿ 17 ಅಂಕ, ಮೇಲೆ ಆ ನೂರರ ಬೋನಸ್ಸಿನ ಬಾಗಿಲು ಬೇರೆ. ಆಗ ಅಲ್ಲಿ ಸೊನ್ನೆ ಹಾಕೋದು ದುಬಾರಿ, ಒಂದರ ಮನೆಗೆ ಹಾಕೋದು ಅಗ್ಗ. ಅದೇ ಇನ್ನೊಂದೇ ಸರದಿ ಉಳಿದಿರೋವಾಗ ಯಾಟ್ಸಿ ಮನೆ ಖಾಲಿ ಇದ್ರೆ ಅದರ ಬೆಲೆ 4.6 ಪರ್ಸೆಂಟ್ ಇಂಟು ಐವತ್ತು, 2.3 ಅಂಕ! ಐವತ್ತರ ಮನೆ ಎರಡು ರೂಪಾಯಿಗೆ ಇಳಿದು ಬಿಟ್ಟಿರುತ್ತೆ. ಅದೇ ಜಾಗದಲ್ಲಿ ಲಾರ್ಜ್ ಸ್ಟ್ರೈಟ್ ಖಾಲಿ ಇದ್ರೆ ಸುಮಾರು ಹತ್ತು, ಸ್ಮಾಲ್ ಸ್ಟ್ರೈಟ್ ಇದ್ರೆ ಸುಮಾರು ಹದಿನೆಂಟು. ಆದ್ರೂ ಜನ ಯಾಟ್ಸಿ ಮನೆಯನ್ನೇ ತಬ್ಬಿಕೊಂಡು ಲಾರ್ಜ್ ಸ್ಟ್ರೈಟ್‌ಗೆ ಸೊನ್ನೆ ಹಾಕೋದು ನೋಡಿದೀನಿ. (ಇಬ್ಬರು ಆಡೋವಾಗ ನೀವು ನಲವತ್ತು ಅಂಕ ಹಿಂದಿದ್ರೆ ವಿಷಯ ಬೇರೆ. ಆಗ ಯಾಟ್ಸಿ ಬಿಟ್ರೆ ಗತಿಯಿಲ್ಲ, ಹಿಂದೆ ಬೀಳಿ.)

ನಮಗೆ ಸೊನ್ನೆ ಬರೆಯೋಕೆ ಕೈ ಯಾಕೆ ಬರಲ್ಲ ಅಂತ ಯೋಚನೆ ಮಾಡಿದ್ರೆ ನನಗೆ ಹೊಳೆಯೋದು ಶಾಲೆ. ಕೆಂಪು ಇಂಕಿನಲ್ಲಿ ಸುತ್ತಿದ ಸೊನ್ನೆ, ಕೆಳಗೆ 'ಪೋಷಕರ ಸಹಿ'. ಹೋದ ದಸರಾ ರಜೆಯಲ್ಲಿ ಅಕ್ಕನ ಮಗ ಬೆಂಗಳೂರಿಗೆ ಬಂದಿದ್ದ, ಆರನೇ ಕ್ಲಾಸು. ಲೆಕ್ಕದಲ್ಲಿ ಚುರುಕು, ಆದ್ರೆ ತಪ್ಪಾಗುತ್ತೆ ಅಂತ ಭಯ. ತಪ್ಪು ಬರೆಯೋದಕ್ಕಿಂತ ಖಾಲಿ ಬಿಡ್ತಾನೆ ಅಂತ ಅಕ್ಕನ ದೂರು. ಅವನಿಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಈ ಆಟ ಹಾಕಿಕೊಟ್ಟೆ. ಎರಡು ದಿನ ಹೊಳೆಯೋ ಮನೆ ಒತ್ತಿಕೊಂಡೇ ಆಡಿದ. 150, 160 ದಾಟ್ತಾ ಇರ್ಲಿಲ್ಲ. ಯೋಚನೆ ಮಾಡೋ ಕೆಲಸವೇ ಇರ್ಲಿಲ್ಲವಲ್ಲ, ಬಲ್ಬು ಹತ್ತಿದ ಕಡೆ ಒತ್ತೋದು. ಮೂರನೇ ದಿನ ಪಕ್ಕದಲ್ಲಿ ಕೂತೆ.

ಆ ಆಟದಲ್ಲಿ ಕೊನೆಗೆ ಮೂರು ಮನೆ ಉಳಿದಿತ್ತು: ಒಂದರ ಮನೆ, ಫೋರ್ ಆಫ್ ಎ ಕೈಂಡ್, ಯಾಟ್ಸಿ. ಮೇಲಿನ ಮೊತ್ತ 61. ಮೂರು ಎಸೆತ ಮುಗಿದು ದಾಳ ನಿಂತಿದ್ದು 1-3-4-6-6. ಹೊಳೀತಾ ಇದ್ದದ್ದು ಒಂದರ ಮನೆ, ಒಂದು ಅಂಕ. ಉಳಿದೆರಡಕ್ಕೂ ಸೊನ್ನೆ. ಹುಡುಗ ಮೌಸ್ ಅಲ್ಲಿಗೇ ತಗೊಂಡು ಹೋದ.

"ನಿಲ್ಲೋ, ಅಲ್ಲಿ ಹಾಕಿದ್ರೆ ಮೇಲೆ ಎಷ್ಟಾಗುತ್ತೆ?"

"ಅರವತ್ತೆರಡು."

"ಬೋನಸ್ಸಿಗೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಒಂದು ಕಮ್ಮಿ."

"ಮತ್ತೆ?"

"ಮತ್ತೆ ಬೇರೆ ಕಡೆ ಸೊನ್ನೆ ಬರುತ್ತಲ್ಲ ಮಾಮ. ಸೊನ್ನೆಗಿಂತ ಒಂದು ವಾಸಿ ಅಲ್ವಾ?"

ನೋಡಿ, ಲೆಕ್ಕ ಹೀಗಿದೆ. ಇದುವರೆಗೂ ಕಸದ ಬುಟ್ಟಿ ಅಂತ ನಾನೇ ಕರೆದ ಒಂದರ ಮನೆ, ಈಗ ಇಡೀ ಹಾಳೆಯಲ್ಲಿ ಅತಿ ಬೆಲೆಯ ಮನೆ. ಎರಡು ಒಂದು ಬಿದ್ರೆ ಸಾಕು, 35 ಬೋನಸ್. ಮೂರು ಎಸೆತದಲ್ಲಿ ಕನಿಷ್ಠ ಎರಡು ಒಂದು ಬೀಳೋ ಸಾಧ್ಯತೆ ನೂರಕ್ಕೆ 70. ಅಂದ್ರೆ ಆ ಮನೆಯ ಬೆಲೆ ಹತ್ತಿರ ಹತ್ತಿರ 26. ಕಂಪ್ಯೂಟರಿನ ಹೊಳಪು ಇದನ್ನ ಒಂದು ಅಂಕಕ್ಕೆ ಮಾರು ಅಂತ ಹೇಳ್ತಾ ಇತ್ತು. ಯಾಟ್ಸಿಗೆ ಸೊನ್ನೆ ಹಾಕು ಅಂದೆ. ಹುಡುಗ ನನ್ನ ಮುಖ ನೋಡಿದ, ಐವತ್ತರ ಮನೆ ನೋಡಿದ, ಕಣ್ಣು ಮುಚ್ಚಿ ಒತ್ತಿದ. ಮುಂದಿನ ಸರದಿಯಲ್ಲಿ ಮೊದಲ ಎಸೆತಕ್ಕೇ ನಾಲ್ಕು ಐದು ಬಿದ್ದು ಫೋರ್ ಆಫ್ ಎ ಕೈಂಡ್ ತುಂಬ್ತು. ಕೊನೇ ಸರದಿ, ಒಂದರ ಮನೆ. ಮೊದಲ ಎಸೆತಕ್ಕೆ ಒಂದು ಒಂದು ಬಿತ್ತು. ಎರಡನೇದಕ್ಕೆ ಇಲ್ಲ. ಮೂರನೇದಕ್ಕೂ ಇಲ್ಲ. 62.

"ನೀನು ಹೇಳಿದ್ದು ತಪ್ಪಾಯ್ತು ಮಾಮ."

"ತಪ್ಪಲ್ಲ ಕಣೋ. ಹತ್ತು ಸಲ ಹೀಗೆ ಆಡಿದ್ರೆ ಏಳು ಸಲ ಬರುತ್ತೆ. ಇವತ್ತು ಬಂದದ್ದು ಆ ಮಿಕ್ಕ ಮೂರರಲ್ಲಿ ಒಂದು."

"ಹಾಗಾದ್ರೆ ಇನ್ನೂ ಒಂಬತ್ತು ಸಲ ಆಡೋಣ," ಅಂದ. ಅಕ್ಕ ಊಟಕ್ಕೆ ಕರೆದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಆವತ್ತು ಸೆಟ್ಟಿಂಗ್ಸ್‌ಗೆ ಹೋಗಿ ಆ ಹೊಳಪನ್ನ ಆಫ್ ಮಾಡಿದ್ವಿ. ಹುಡುಗ ಊರಿಗೆ ಹೋಗೋವಷ್ಟರಲ್ಲಿ 200 ಮುಟ್ಟೋಕೆ ಶುರು ಮಾಡಿದ್ದ. ಪ್ರತಿ ಕೆಟ್ಟ ಕೈಗೂ "ಸೊನ್ನೆ ಎಲ್ಲಿ ಹಾಕ್ಲಿ ಮಾಮ?" ಅಂತ ಕೇಳೋವನು, ಕೊನೇ ದಿನ ಕೇಳೋದು ಬಿಟ್ಟು "ಇಲ್ಲಿ ಹಾಕ್ತೀನಿ, ಯಾಕೆ ಗೊತ್ತಾ?" ಅಂತ ನನಗೇ ಪಾಠ ಹೇಳ್ತಾ ಇದ್ದ. ನಿಮ್ಮ ಪ್ರೋಗ್ರಾಮಿನಲ್ಲೂ ಆ ಆಯ್ಕೆ ಇದ್ರೆ ದಯವಿಟ್ಟು ಆಫ್ ಮಾಡಿ. ಮಕ್ಕಳಿಗೆ ಹಾಕಿಕೊಡೋವಾಗಂತೂ ಮೊದಲು ಅದನ್ನ ಮಾಡಿ.

ಇನ್ನು 'ಕಂಪ್ಯೂಟರ್ ಮೋಸ ಮಾಡುತ್ತೆ' ಅನ್ನೋ ಪಂಗಡಕ್ಕೆ ಒಂದೆರಡು ಮಾತು. ಬೇಕಾದ ದಾಳ ಬೀಳದಾಗೆಲ್ಲ ಪ್ರೋಗ್ರಾಮ್ ಬರೆದವನನ್ನ ಬೈಯೋದು ಒಂದು ರೂಢಿ. ಹಳೇ ಕಾಲದ ಸಿ ಪ್ರೋಗ್ರಾಮುಗಳಲ್ಲಿ ರ‍್ಯಾಂಡಮ್ ಸಂಖ್ಯೆ ತಗೊಂಡು ಆರರಿಂದ ಭಾಗಿಸಿ ಶೇಷ ನೋಡ್ತಿದ್ರು. ಸಂಖ್ಯೆ 0ಯಿಂದ 32767ರವರೆಗೆ ಬರೋದಾದ್ರೆ 32768 ಆರರಿಂದ ಸರಿಯಾಗಿ ಭಾಗವಾಗಲ್ಲ, ಎರಡು ಉಳಿಯುತ್ತೆ. ಆದ್ದರಿಂದ ಎರಡು ಮುಖ 5462 ಸಲ ಬಂದ್ರೆ ಉಳಿದ ನಾಲ್ಕು 5461 ಸಲ ಬರುತ್ತೆ. ಮೋಸ ಅಂದ್ರೆ ಇಷ್ಟು! ಜಾತ್ರೆಯಲ್ಲಿ ಕೊಂಡ ಮರದ ದಾಳದ ಮೂಲೆ ಸವೆದಿರೋದು ಇದಕ್ಕಿಂತ ಎಷ್ಟೋ ಹೆಚ್ಚು ಮೋಸ. 22 ಸಲಕ್ಕೆ ಒಮ್ಮೆ ಬೀಳೋದು ಇಪ್ಪತ್ತು ಸಲ ಬೀಳದೇ ಇದ್ರೆ ಅದು ಸಂಚಲ್ಲ, ಅದೇ ಲೆಕ್ಕ.

ನಿಜವಾದ ಮೋಸ ಬೇರೆ ಕಡೆ ಇದೆ. ಫೋನಿನಲ್ಲಿ ಬಂದಿರೋ ಕೆಲವು ಆವೃತ್ತಿಗಳಲ್ಲಿ ಮೂರು ಎಸೆತ ಮುಗಿದ ಮೇಲೆ ದುಡ್ಡು ಕೊಟ್ಟು ಇನ್ನೊಂದು ಎಸೆತ ತಗೋಬಹುದು. ಯಾಟ್ಸಿಗೆ ನಾಲ್ಕು ಸೇರಿ ಒಂದು ಬಾಕಿ ಇದ್ದಾಗ ಬೆರಳು ತಾನಾಗೇ ಆ ಗುಂಡಿ ಕಡೆ ಹೋಗುತ್ತೆ, ಅದು ಬೀಳೋದು ಆರರಲ್ಲಿ ಒಂದು ಸಲ ಅಂತ ಯಾರೂ ಅಲ್ಲಿ ಬರೆದಿರಲ್ಲ. ದುಡ್ಡು ಹೋಗೋದು ಒಂದು ಕಡೆ ಇರಲಿ. ಮೂರೇ ಎಸೆತ, ಪಾಸ್ ಇಲ್ಲ, ತುಂಬಿದ ಮನೆ ತೆರೆಯಲ್ಲ ಅನ್ನೋ ಮೂರು ಕಟ್ಟುಪಾಡಿನ ಮೇಲೆ ನಿಂತಿರೋ ಆಟ ಇದು. ನಾಲ್ಕನೇ ಎಸೆತ ಅಂಗಡಿಯಲ್ಲಿ ಸಿಗೋ ಹಾಗಿದ್ರೆ ಸೊನ್ನೆ ಎಲ್ಲಿ ಹಾಕೋದು ಅಂತ ಯಾರು ತಲೆ ಕೆಡಿಸಿಕೊಳ್ತಾರೆ? ಹುಡುಗನ ಟ್ಯಾಬಿನಲ್ಲಿ ಅಂಥದ್ದೊಂದು ಇತ್ತು, ಅಕ್ಕನಿಗೆ ಹೇಳಿ ತೆಗೆಸಿದೆ. ಅವನ ಮನೆಯ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಟಾಲಿ ಹಾಕಿಕೊಟ್ಟಿದೀನಿ. ಪುಕ್ಕಟೆ, ಅಂಗಡಿಯೂ ಇಲ್ಲ.

ಕೊನೆಗೆ ನಿಮಗೊಂದು ಕೆಲಸ. ಆಟದ ಮೊದಲ ಸರದಿ, ಎಲ್ಲಾ ಮನೆ ಖಾಲಿ. ಮೂರು ಎಸೆತ ಮುಗಿದಾಗ 2-2-2-2-1. ಎರಡರ ಮನೆಗೆ ಹಾಕಿದ್ರೆ 8, ಬೋನಸ್ಸಿಗೆ ಬೇಕಾದ್ದಕ್ಕಿಂತ ಎರಡು ಹೆಚ್ಚು. ಫೋರ್ ಆಫ್ ಎ ಕೈಂಡ್‌ಗೆ ಹಾಕಿದ್ರೆ 9, ತಪ್ಪೇ ಮಾಡದ ಆಟಗಾರನೂ ನೂರಕ್ಕೆ 36 ಸಲ ಸೊನ್ನೆ ಹಾಕೋ ಮನೆ ತುಂಬಿ ಹೋಗುತ್ತೆ. ನಮ್ಮ ಟೀಮಿನಲ್ಲಿ ಇದರ ಮೇಲೆ ಎರಡು ಕಾಫಿ ಬ್ರೇಕ್ ಜಗಳ ಆಗಿದೆ, 'ಅದೆಲ್ಲಾ ಲಕ್ಕು' ಅನ್ನೋವರೇ ಜೋರಾಗಿ ವಾದ ಮಾಡಿದ್ದು. ನಾನು ಎಲ್ಲಿ ಹಾಕಿದೆ ಅಂತ ಈಗ ಹೇಳಲ್ಲ. ನೀವಾದ್ರೆ ಎಲ್ಲಿ ಹಾಕ್ತೀರ, ಯಾಕೆ ಅಂತ ಬರೀರಿ :-)